ಹಿತ್ತಿಲ ಚಪ್ಪರದ ಚರಿತ್ರೆ

ನಮ್ಮ ಹಿತ್ತಿಲಿಗೆ ಬಂದವರ ಕಣ್ಣು ಮೊದಲು ಬೀಳುವುದು ಬಳ್ಳಿಯ ಮೇಲಲ್ಲ, ಕಲ್ಲುಗಳ ಮೇಲೆ. ನಲವತ್ತು ಅರವತ್ತರ ಸೈಟಿನಲ್ಲಿ ಮನೆ ಕಟ್ಟಿ ಉಳಿದ ಜಾಗದಲ್ಲಿ, ಆಳೆತ್ತರಕ್ಕಿಂತ ಒಂದು ಗೇಣು ಹೆಚ್ಚಿಗೆ ನಿಂತಿರುವ ಆರು ಕಲ್ಲುಕಂಬಗಳು. ಉಳಿ ಬಡಿದ ಗುರುತು ಅಂಚಿನಲ್ಲಿ ಇನ್ನೂ ಹಾಗೆಯೇ ಇದೆ. "ಏನ್ರೀ, ಮನೆ ಹಿಂದೆ ಮಂಟಪ ಕಟ್ಟಿಸ್ತಿದೀರಾ?" ಎಂದು ಪಕ್ಕದ ಮನೆಯ ಟೀಚರು ಮೊದಲ ವಾರವೇ ಕೇಳಿದ್ದರು. ನಮ್ಮ ಯಜಮಾನರಂತೂ "ತುಮಕೂರಿನಲ್ಲಿ ಸರ್ವೆ ಗಳ ಸಿಗುವುದಿಲ್ಲವೆ? ದೇವನಹಳ್ಳಿ ಕಡೆಯಿಂದ ಕಲ್ಲು ಹೊರಿಸಿಕೊಂಡು ಬರಬೇಕಿತ್ತೆ?" ಎಂದು ಆ ಟೆಂಪೋ ಬಾಡಿಗೆಯನ್ನು ಇವತ್ತಿಗೂ ನೆನೆಯುತ್ತಾರೆ.

ಅವು ನನ್ನ ತವರಿನ ದ್ರಾಕ್ಷಿ ತೋಟದ ಕಲ್ಲುಗಳು. 2007ರಲ್ಲಿ ತೋಟ ಮಾರಿದಾಗ ನಾನು ಕೇಳಿ ತಂದವು. ಹೇಗೆ ಕೇಳಿದೆ ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಚಪ್ಪರದ ಮಾತು.

ಚಪ್ಪರ ನಮಗೆ ಎಷ್ಟು ಬಳಕೆಯ ವಸ್ತುವೆಂದರೆ ಅದಕ್ಕೊಂದು ಚರಿತ್ರೆ ಇದ್ದೀತೆಂದು ಯಾರಿಗೂ ಅನ್ನಿಸುವುದಿಲ್ಲ. ಮದುವೆಗೂ ಚಪ್ಪರ, ಸಾವಿನ ಮನೆಗೂ ಚಪ್ಪರ. ಧಾರವಾಡದ ಕಡೆಯವರು ಹಂದರ ಎನ್ನುತ್ತಾರೆ, ದಕ್ಷಿಣ ಕನ್ನಡದವರು ದೊಂಪ ಎನ್ನುತ್ತಾರೆ. ಅವರೆಯಲ್ಲಿ ಒಂದು ಬಗೆಗೆ ಚಪ್ಪರದವರೆ ಎಂದೇ ಹೆಸರು. ನನ್ನ ಅಜ್ಜಿಯ ಹಿತ್ತಿಲಲ್ಲಿದ್ದ ಚಪ್ಪರಕ್ಕೆ ಕಾಸು ಖರ್ಚಿರಲಿಲ್ಲ. ನಾಲ್ಕು ಕವೆಗೋಲು ನೆಟ್ಟು, ಮೇಲೆ ಬಿದಿರು ಗಳ ಅಡ್ಡಹಾಕಿ, ಕತ್ತಾಳೆ ನಾರಿನಿಂದ ಬಿಗಿದರೆ ಮುಗಿಯಿತು. ಬಚ್ಚಲ ನೀರು ಬುಡಕ್ಕೆ ಹರಿಯುತ್ತಿತ್ತು. ಮೇಲೆ ಹೀರೆ, ಪಡವಲ, ಸೋರೆ. ಪಡವಲಕಾಯಿ ಸೊಟ್ಟಗಾಗದೆ ನೆಟ್ಟಗೆ ಇಳಿಯಲೆಂದು ತುದಿಗೆ ಸಣ್ಣ ಕಲ್ಲು ಕಟ್ಟುವುದು ಮಕ್ಕಳಾದ ನಮ್ಮ ಕೆಲಸ.

ಆ ಚಪ್ಪರದ ಒಂದು ಮೂಲೆಯಲ್ಲಿ ದ್ರಾಕ್ಷಿ ಬಳ್ಳಿ ಇತ್ತು. ಅಜ್ಜಿಯ ಚಿಕ್ಕಮ್ಮನೊಬ್ಬರು ಬೆಂಗಳೂರಿನ ದಂಡು ಪ್ರದೇಶದ ಬಂಗಲೆಯೊಂದರಲ್ಲಿ ಕೆಲಸಕ್ಕಿದ್ದರಂತೆ. ಹಬ್ಬಕ್ಕೆ ಊರಿಗೆ ಬಂದಾಗ ಸೀರೆಯ ಗಂಟಿನಲ್ಲಿ ನಾಲ್ಕು ಕಡ್ಡಿ ಸುತ್ತಿಕೊಂಡು ಬಂದರಂತೆ. ಕೇಳಿ ತಂದರೋ ಕೇಳದೆ ತಂದರೋ ಎಂದರೆ ಅಜ್ಜಿ ನಗುತ್ತಿದ್ದರು. "ಕದ್ದು ತಂದ ಬಳ್ಳಿನೇ ಚೆನ್ನಾಗಿ ಹಬ್ಬೋದು ಕಣವ್ವ." ಆ ಬಳ್ಳಿಯ ಕಡ್ಡಿಗಳಿಂದಲೇ ಅಪ್ಪ ಅರವತ್ತರ ದಶಕದಲ್ಲಿ ಎರಡು ಎಕರೆ ತೋಟ ಮಾಡಿದರು. ಊರಲ್ಲಿ ಅದಕ್ಕೆ ಅಪ್ಪನ ಹೆಸರಿನ ತೋಟವೆಂದೇ ಹೆಸರಾಯಿತು. ಪಹಣಿಯಲ್ಲೂ ಅದೇ ಹೆಸರು. ಅಜ್ಜಿಯ ಬಚ್ಚಲ ಬಳ್ಳಿಯ ಮಾತನ್ನು ನಾನು ಬಿಟ್ಟರೆ ಬೇರೆ ಯಾರೂ ಆಡಿದ್ದು ಕೇಳಿಲ್ಲ.

ಅದು ನಾವು ಚಿಕ್ಕವರಿದ್ದಾಗ 'ಕಪ್ಪು ದ್ರಾಕ್ಷಿ' ಎಂದು ಕರೆಯುತ್ತಿದ್ದ, ಮಾರುಕಟ್ಟೆಯವರು ಬೆಂಗಳೂರು ಬ್ಲೂ ಎನ್ನುವ ಹಣ್ಣು. ದಪ್ಪ ಸಿಪ್ಪೆ, ಒತ್ತಿದರೆ ಒಳಗಿನ ತಿರುಳು ಇಡಿಯಾಗಿ ಬಾಯಿಗೆ ಜಾರುತ್ತದೆ. ಒಳಗೆ ಬೀಜ. ಈಗಿನ ಮಕ್ಕಳು ಬೀಜವಿಲ್ಲದ ದ್ರಾಕ್ಷಿಯನ್ನೇ ಕೇಳುತ್ತಾರೆ. ಆದರೆ ಆ ಪರಿಮಳ ಬೇರೆ ಯಾವುದಕ್ಕೂ ಇಲ್ಲ. ಒಂದು ಗೊಂಚಲು ತಂದಿಟ್ಟರೆ ನಡುಮನೆಯೆಲ್ಲ ಘಮ್ಮೆನ್ನುತ್ತದೆ. ಇಂಗ್ಲಿಷರಿಗೆ ಈ ವಾಸನೆ ಹಿಡಿಸಲಿಲ್ಲವೋ ಏನೋ, ಈ ಜಾತಿಗೆ ಅವರ ಭಾಷೆಯಲ್ಲಿ 'ನರಿ ದ್ರಾಕ್ಷಿ' ಎಂಬ ಅರ್ಥದ ಹೆಸರಿದೆ. ದ್ರಾಕ್ಷಿ ಹುಳಿ ಎಂದು ಹೇಳಿ ಹೋದ ಈಸೋಪನ ನರಿಗೆ ಎಟುಕದ್ದು ಕೂಡ ಮೇಲಕ್ಕೆ ಹಬ್ಬಿಸಿದ ಬಳ್ಳಿಯ ಹಣ್ಣೇ ತಾನೆ.

ಈ ಬಳ್ಳಿಯ ಹುಟ್ಟನ್ನು ಹುಡುಕಿದರೆ ಅಲ್ಲಿಯೂ ಒಬ್ಬ ಹೆಂಗಸಿನ ಹಿತ್ತಿಲು ಸಿಗುತ್ತದೆ. ದ್ರಾಕ್ಷಿ ಬಲ್ಲವರು ನಮ್ಮ ಬೆಂಗಳೂರು ಬ್ಲೂ ತಳಿಯನ್ನು 'ಇಸಬೆಲ್ಲಾ' ಎಂಬ ಅಮೆರಿಕದ ತಳಿಯೊಡನೆ ಸೇರಿಸುತ್ತಾರೆ. ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಇಸಬೆಲ್ಲಾ ಗಿಬ್ಸ್ ಎಂಬಾಕೆ ಇದ್ದರು. ಕರ್ನಲ್ ಜಾರ್ಜ್ ಗಿಬ್ಸ್ ಎಂಬುವರ ಹೆಂಡತಿ. ಅವರ ಮನೆಯ ತೋಟದಲ್ಲಿ ಒಂದು ದ್ರಾಕ್ಷಿ ಬಳ್ಳಿ ಇತ್ತು. ದಕ್ಷಿಣ ಕ್ಯಾರೊಲಿನಾ ಸೀಮೆಯಿಂದ ಬಂದದ್ದೆಂದು ಹೇಳುತ್ತಿದ್ದರು. 1816ರಲ್ಲಿ ವಿಲಿಯಂ ಪ್ರಿನ್ಸ್ ಎಂಬ ಸಸಿ ವ್ಯಾಪಾರಿ ಅದನ್ನು ಆಕೆಯಿಂದ ಪಡೆದು, ಬೆಳೆಸಿ, ಆಕೆಯ ಹೆಸರನ್ನೇ ಇಟ್ಟು ಮಾರಾಟಕ್ಕೆ ತಂದ. ಯೂರೋಪಿನ ದ್ರಾಕ್ಷಿಗಳು ಅಮೆರಿಕದ ಚಳಿಗೆ, ರೋಗಕ್ಕೆ ಒಗ್ಗದೆ ಸಾಯುತ್ತಿದ್ದ ಕಾಲ ಅದು. ಈ ಬಳ್ಳಿ ಮಾತ್ರ ಎಲ್ಲಿ ನೆಟ್ಟರೂ ಬಂತು. ಕಡ್ಡಿಯಿಂದ ಕಡ್ಡಿಗೆ ಲೋಕವನ್ನೇ ಸುತ್ತಿತು. ಫ್ರಾನ್ಸಿನಲ್ಲಿ ಎಷ್ಟು ಹರಡಿತೆಂದರೆ, 1934ರಲ್ಲಿ ಅಲ್ಲಿನ ಸರ್ಕಾರ ಕಾಯ್ದೆ ತಂದು ಇಂತಹ ಆರು ಅಮೆರಿಕನ್ ತಳಿಗಳನ್ನು ನಿಷೇಧಿಸಿತು. ಆರರಲ್ಲಿ ಇಸಬೆಲ್ಲಾ ಕೂಡ ಒಂದು. ಅವರ ವೈನಿನ ಘನತೆಗೆ ಇದು ಕುಂದಂತೆ!

ಇಸಬೆಲ್ಲಾ ಗಿಬ್ಸ್ ಬಗ್ಗೆ ಓದಿದ ದಿನ ನನಗೆ ನಮ್ಮಜ್ಜಿಯ ಚಿಕ್ಕಮ್ಮನ ಸೀರೆಯ ಗಂಟು ನೆನಪಾಯಿತು. ಆಕೆಯ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ನೆನಪಿಲ್ಲ.

ಇನ್ನು ಬಳ್ಳಿಯನ್ನು ಎತ್ತಿ ಹಿಡಿದ ಚಪ್ಪರದ ಕಡೆಗೆ ಬರೋಣ. ಇದರ ವಯಸ್ಸು ಬಹಳ ದೊಡ್ಡದು. ಈಜಿಪ್ಟಿನ ಹಳೆಯ ಚಿತ್ರಲಿಪಿಯಲ್ಲಿ ಕವೆಗೋಲುಗಳ ಮೇಲೆ ಹಬ್ಬಿದ ದ್ರಾಕ್ಷಿ ಬಳ್ಳಿಗೇ ಒಂದು ಅಕ್ಷರಚಿತ್ರವಿದೆ. ವೈನು, ತೋಟಗಾರ ಮುಂತಾದ ಮಾತುಗಳನ್ನು ಬರೆಯುವಾಗ ಅದನ್ನು ಬಳಸುತ್ತಿದ್ದರು. ನಮ್ಮಜ್ಜಿಯ ಕವೆಗೋಲು ಒಂದು ದೇಶದ ಅಕ್ಷರಮಾಲೆಯಲ್ಲಿ ಕುಳಿತಿದೆ ಎಂದರೆ ನನಗೆ ಸಣ್ಣ ಖುಷಿಯಲ್ಲ. ಅಲ್ಲಿಯ ಥೀಬ್ಸ್ ನಗರದ ಬಳಿ, ಕ್ರಿಸ್ತಪೂರ್ವ 1400ರ ಆಸುಪಾಸಿನ ನಖ್ತ್ ಎಂಬ ಅಧಿಕಾರಿಯ ಸಮಾಧಿಯ ಗೋಡೆಯಲ್ಲಿ ಚಪ್ಪರದ ಕೆಳಗೆ ನಿಂತು ಇಬ್ಬರು ಗೊಂಚಲು ಕೀಳುವ ಚಿತ್ರವಿದೆ. ಅಲ್ಲೇ ಹತ್ತಿರ ಸೆನ್ನೆಫರ್ ಎಂಬ ನಗರಾಧಿಕಾರಿಯ ಸಮಾಧಿ. ಅದರ ಒಳಛಾವಣಿಯ ಬಂಡೆಯನ್ನು ನುಣುಪು ಮಾಡದೆ, ಏರುತಗ್ಗು ಹಾಗೆಯೇ ಬಿಟ್ಟು, ಅದರ ಮೇಲೆ ದ್ರಾಕ್ಷಿ ಬಳ್ಳಿ ಬರೆದಿದ್ದಾರೆ. ಕೆಳಗೆ ನಿಂತು ನೋಡಿದರೆ ಗೊಂಚಲುಗಳು ನಿಜವಾಗಿ ಜೋತಂತೆ ಕಾಣಬೇಕೆಂದು. ಸತ್ತ ಮೇಲೂ ಚಪ್ಪರದ ನೆರಳಲ್ಲೇ ಮಲಗಬೇಕೆಂಬ ಆಸೆ ಆ ಪುಣ್ಯಾತ್ಮನಿಗೆ.

ರೋಮನರ ರೀತಿ ಬೇರೆ. ಅವರು ಹಲವೆಡೆ ಬಳ್ಳಿಯನ್ನು ಎಲ್ಮ್, ಪಾಪ್ಲರ್ ಮರಗಳ ಮೇಲೆ ಹಬ್ಬಿಸುತ್ತಿದ್ದರು. ಅದಕ್ಕೆ 'ಬಳ್ಳಿಗೂ ಮರಕ್ಕೂ ಮದುವೆ ಮಾಡುವುದು' ಎಂದೇ ಹೇಳುತ್ತಿದ್ದರು. ಬಳ್ಳಿ ಮರದ ತುದಿ ಮುಟ್ಟುತ್ತಿತ್ತು. ಗೊಂಚಲು ಕೀಳಲು ಕೂಲಿಗೆ ಬರುವವನು ಮೊದಲೇ ಒಂದು ಕರಾರು ಮಾಡಿಕೊಳ್ಳುತ್ತಿದ್ದನಂತೆ. ತಾನು ಬಿದ್ದು ಸತ್ತರೆ ಸುಡುವ ಮತ್ತು ಹೂಳುವ ಖರ್ಚು ತೋಟದ ಯಜಮಾನನದು. ಇದನ್ನು ಬರೆದಿಟ್ಟವನು ಪ್ಲಿನಿ ಎಂಬ ರೋಮನ್ ಪಂಡಿತ. ಅವನೇ ಇನ್ನೊಂದು ಬಳ್ಳಿಯ ವಿಷಯವನ್ನೂ ಹೇಳಿದ್ದಾನೆ. ಚಕ್ರವರ್ತಿ ಆಗಸ್ಟಸನ ಹೆಂಡತಿ ಲಿವಿಯಾಳ ಹೆಸರಿನ ಕಂಬಸಾಲಿನ ಆವರಣ ರೋಮಿನಲ್ಲಿತ್ತು. ಅಲ್ಲಿನ ನಡೆದಾಡುವ ಹಾದಿಗಳಿಗೆಲ್ಲ ಒಂದೇ ಒಂದು ಬಳ್ಳಿ ಚಪ್ಪರವಾಗಿ ಹಬ್ಬಿ ನೆರಳು ಕೊಡುತ್ತಿತ್ತು. ಜೊತೆಗೆ ವರ್ಷಕ್ಕೆ 12 ಆಂಫೊರಾ ರಸ, ಈಗಿನ ಲೆಕ್ಕದಲ್ಲಿ ಸುಮಾರು 300 ಲೀಟರು. ಒಂದು ಬಳ್ಳಿಯಿಂದ!

ಬಳ್ಳಿಗೆ ಮರದ ಜೊತೆ ಮದುವೆ ಎಂಬ ಕಲ್ಪನೆ ನಮ್ಮಲ್ಲೂ ಇದೆ. ಕಾಳಿದಾಸನ ಶಾಕುಂತಲದಲ್ಲಿ ಮಲ್ಲಿಗೆಯ ಬಳ್ಳಿ ಮಾವಿನ ಮರವನ್ನು ವರಿಸಿದ್ದನ್ನು ಗೆಳತಿಯರು ಆಡಿಕೊಳ್ಳುತ್ತಾರೆ. ನನ್ನ ಮದುವೆಯಲ್ಲೂ, 1981ರಲ್ಲಿ, ಹಾರೈಸಿದ ಹಿರಿಯರೊಬ್ಬರು ಹೆಣ್ಣು ಬಳ್ಳಿಯಿದ್ದಂತೆ, ಗಂಡೆಂಬ ಮರದ ಆಸರೆ ಬೇಕು ಎಂದು ಅರ್ಧಗಂಟೆ ಮಾತಾಡಿದರು. ನಿಮ್ಮ ಮದುವೆಯಲ್ಲೂ ಯಾರಾದರೂ ಆಡಿರುತ್ತಾರೆ. ಅವರಾರೂ ಬಳ್ಳಿ ಬೆಳೆಸಿದವರಲ್ಲ ಎಂದು ನನ್ನ ಗುಮಾನಿ. ಬಳ್ಳಿ ಆಸರೆಗಾಗಿ ಕಾದು ಕೂರುವುದಿಲ್ಲ, ತಾನೇ ಹುಡುಕಿಕೊಂಡು ಹೋಗುತ್ತದೆ. ಡಾರ್ವಿನ್ ಸಾಹೇಬರು ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದಾಗ ಸೌತೆಯ ಜಾತಿಯ ಒಂದು ಬಳ್ಳಿಯನ್ನು ಕೋಣೆಯಲ್ಲಿಟ್ಟುಕೊಂಡು ನೋಡಿದರು. ಅದರ ಕುಡಿಗಳು ಗಾಳಿಯಲ್ಲಿ ಸುತ್ತು ಹೊಡೆಯುತ್ತ ಆಧಾರ ಹುಡುಕುವುದನ್ನು ಲೆಕ್ಕವಿಟ್ಟು, 1865ರಲ್ಲಿ ಹಬ್ಬುವ ಬಳ್ಳಿಗಳ ಮೇಲೆ ದೊಡ್ಡ ಪ್ರಬಂಧವನ್ನೇ ಪ್ರಕಟಿಸಿದರು. ದ್ರಾಕ್ಷಿಯ ಹಿಡಿಕುಡಿ ಎಂಬುದು ಹೂಗೊಂಚಲೇ ಮಾರ್ಪಟ್ಟದ್ದು. ಹಣ್ಣಾಗಬೇಕಿದ್ದದ್ದು ಕೈಯಾಗಿದೆ. ನಮ್ಮ ಹಿತ್ತಿಲಲ್ಲಿ ಅಂತಹ ಒಂದು ಕುಡಿ ಬಟ್ಟೆ ಒಣಗಿಸುವ ತಂತಿಯನ್ನು ಹಿಡಿದುಕೊಂಡು ಯಜಮಾನರ ಬನಿಯನ್ನನ್ನೂ ಸೇರಿಸಿ ಸುತ್ತಿತ್ತು. ಆಸರೆ ಯಾರಿಗೆ ಯಾರು ಎಂದು ಅವರನ್ನೇ ಕೇಳಬೇಕು.

ನಮ್ಮ ದಕ್ಕನ್ನಿಗೆ ದ್ರಾಕ್ಷಿ ಹೊಸದಲ್ಲ. 14ನೆಯ ಶತಮಾನದಲ್ಲಿ ದೌಲತಾಬಾದಿಗೆ ಬಂದ ಇಬ್ನ್ ಬತೂತ ಅಲ್ಲಿ ದ್ರಾಕ್ಷಿಯೂ ದಾಳಿಂಬೆಯೂ ವರ್ಷಕ್ಕೆರಡು ಸಲ ಫಲ ಕೊಡುವುದನ್ನು ಕಂಡು ಬರೆದಿದ್ದಾನೆ. ಚಳಿದೇಶದಲ್ಲಿ ವರ್ಷಕ್ಕೊಂದೇ ಬೆಳೆ, ನಮ್ಮಲ್ಲಿ ಬಳ್ಳಿ ಚಳಿಗೆ ಮಲಗುವುದೇ ಇಲ್ಲ. ಅಪ್ಪನ ತೋಟದಲ್ಲೂ ಎರಡು ಸಲ ಸವರಿ ಎರಡು ಬೆಳೆ ತೆಗೆಯುತ್ತಿದ್ದರು. ನಾಸಿಕದ ಕಡೆ ಹಿಂದೆ ಬಳ್ಳಿಗೆ ಕಂಬದ ಬದಲು ಹಾಲುವಾಣದ ಕೊಂಬೆ ನೆಡುತ್ತಿದ್ದರು. ಕೊಂಬೆಯೇ ಚಿಗುರಿ ಜೀವಂತ ಕಂಬವಾಗುತ್ತಿತ್ತು. ನಮ್ಮ ಮಲೆನಾಡಿನಲ್ಲಿ ಮೆಣಸಿನ ಬಳ್ಳಿಗೆ ಇವತ್ತಿಗೂ ಹಾಲುವಾಣ ನೆಡುವುದನ್ನು ನೀವು ಕಂಡಿರುತ್ತೀರಿ.

ಬೆಂಗಳೂರಿನ ಸುತ್ತಮುತ್ತ ಮಾತ್ರ ಕಂಬವೆಂದರೆ ಕಲ್ಲು. ಕಾರಣ ಸರಳ, ಅಲ್ಲಿ ನೆಲ ಅಗೆದಲ್ಲೆಲ್ಲ ಕರಿಬಂಡೆ. ಕುಟಿಗರು ಬಂಡೆಯ ಮೇಲೆ ಸಾಲಾಗಿ ತೂತು ಹೊಡೆದು, ಬೆಣೆ ಬಡಿದು ಸೀಳಿದರೆ ಒಂಬತ್ತಡಿಯ ಕಂಬ ಎದ್ದು ಬರುತ್ತದೆ. ಗೆದ್ದಲು ಹತ್ತುವುದಿಲ್ಲ, ಕೊಳೆಯುವುದಿಲ್ಲ. ಅದರ ಮೇಲೆ ತಂತಿಯ ಬಲೆ. ತುಕ್ಕು ಹಿಡಿಯದಂತೆ ಕಬ್ಬಿಣಕ್ಕೆ ಸತುವಿನ ಲೇಪ ಕೊಡುವ ವಿದ್ಯೆಗೆ ಫ್ರಾನ್ಸಿನ ಸೊರೆಲ್ ಎಂಬಾತ 1830ರ ದಶಕದಲ್ಲಿ ಹಕ್ಕುಪತ್ರ ಪಡೆದ. ಈಗ ನಾವು ಅಂಗಡಿಯಲ್ಲಿ ಜಿ.ಐ. ತಂತಿ ಎಂದು ಕೇಳುವುದು ಅದನ್ನೇ. ಈ ತಂತಿ ಬರುವವರೆಗೆ ಎಕರೆಗಟ್ಟಲೆ ಚಪ್ಪರ ಹಾಕುವುದು ಗಳ, ಹಗ್ಗಗಳ ಕೆಲಸ, ಎರಡು ಮೂರು ವರ್ಷಕ್ಕೊಮ್ಮೆ ಹೊಸದು ಮಾಡಬೇಕು.

ಚಪ್ಪರದ ಕೆಳಗಿನ ಬದುಕನ್ನು ಪುಸ್ತಕಗಳು ಬರೆಯುವುದಿಲ್ಲ. ನಮ್ಮ ತೋಟದ ಚಪ್ಪರ ಆರಡಿಗಿಂತ ಸ್ವಲ್ಪ ಎತ್ತರ. ಸವರುವ ಕತ್ತರಿ ಗಂಡಸರ ಕೈಯಲ್ಲಿ, ಎಲೆ ಬಿಡಿಸುವುದು, ಗೊಂಚಲು ಕೀಳುವುದು ಹೆಂಗಸರದು. ಬೆಳಗಿನಿಂದ ಸಂಜೆಯವರೆಗೆ ಕೈ ಮೇಲೆತ್ತಿ, ಕತ್ತು ಹಿಂದಕ್ಕೆ ಬಾಗಿಸಿ ನಿಲ್ಲಬೇಕು. ರಾತ್ರಿ ಅವ್ವ ಹರಳೆಣ್ಣೆ ಬಿಸಿ ಮಾಡಿ ತನ್ನ ಹೆಗಲಿಗೆ ತಾನೇ ತಿಕ್ಕಿಕೊಳ್ಳುತ್ತಿದ್ದಳು. ಕೂಲಿಯಲ್ಲಿ ಕತ್ತರಿಯವರಿಗೂ ಕೈಯವರಿಗೂ ವ್ಯತ್ಯಾಸವಿತ್ತು. ಅವ್ವನಿಗಂತೂ ಕೂಲಿಯೇ ಇಲ್ಲ, ಮನೆಯವಳಲ್ಲವೆ.

ಅಪ್ಪ ತೀರಿಕೊಂಡದ್ದು 2006ರಲ್ಲಿ. ಅಷ್ಟು ಹೊತ್ತಿಗೆ ದೇವನಹಳ್ಳಿಯ ಹತ್ತಿರ ವಿಮಾನ ನಿಲ್ದಾಣದ ಕೆಲಸ ಭರದಿಂದ ನಡೆದಿತ್ತು. ಅದು ತೆರೆದದ್ದು 2008ರ ಮೇ ತಿಂಗಳಲ್ಲಿ. ಅದಕ್ಕೆ ಮುಂಚೆಯೇ ಸುತ್ತಲ ಹಳ್ಳಿಗಳಲ್ಲಿ ಗುಂಟೆಯ ಬೆಲೆ ಕೇಳಿದರೆ ತಲೆ ತಿರುಗುತ್ತಿತ್ತು. ಕೊಳವೆಬಾವಿ ಬತ್ತಿತ್ತು, ಆಳು ಸಿಗುತ್ತಿರಲಿಲ್ಲ. ಅಣ್ಣ ತೋಟ ಮಾರಲು ಹೊರಟದ್ದರಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ. ಆದರೆ ಕೊಳ್ಳುವವರ ವಕೀಲರು ಹೆಣ್ಣುಮಕ್ಕಳ ಸಹಿ ಬೇಕೆಂದರು.

ಇದೂ ಚರಿತ್ರೆಯೇ. ಕರ್ನಾಟಕದಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಂತೆಯೇ ಪಾಲು ಎಂದು 1994ರಲ್ಲೇ ತಿದ್ದುಪಡಿ ಬಂದಿತ್ತು. ಆದರೆ ಅದಕ್ಕೆ ಮುಂಚೆ ಮದುವೆಯಾದವರಿಗೆ ಅದು ಅನ್ವಯವಾಗುತ್ತಿರಲಿಲ್ಲ. ನಾನು ಹದಿಮೂರು ವರ್ಷ ಮೊದಲೇ ಗಂಡನ ಮನೆ ಸೇರಿದ್ದೆ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಇಡೀ ದೇಶಕ್ಕೆ ಅನ್ವಯಿಸುವ ತಿದ್ದುಪಡಿಯಾಯಿತು. ಅದರಲ್ಲಿ ಮದುವೆಯಾದವಳು, ಆಗದವಳು ಎಂಬ ಭೇದವಿಲ್ಲ. ಹೀಗೆ ಇಪ್ಪತ್ತಾರು ವರ್ಷದ ಮೇಲೆ ನಾನು ಇದ್ದಕ್ಕಿದ್ದಂತೆ ಆ ತೋಟದ ಪಾಲುದಾರಳಾದೆ. ಆದದ್ದು ಗೊತ್ತಾಗಿದ್ದು ಬಿಟ್ಟುಕೊಡುವ ದಿನ!

ಅಣ್ಣ ತುಮಕೂರಿಗೆ ಬಂದ. ಸೀರೆ ತಂದಿದ್ದ, ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಹಣದ ಲಕೋಟೆ ತಂದಿದ್ದ. "ನಿಂಗೇನು ಕಮ್ಮಿ ಆಗಿದೆಯಮ್ಮ, ಭಾವ ಚೆನ್ನಾಗಿ ಇಟ್ಟಿದಾರೆ. ಒಂದು ಸೈನ್ ಹಾಕ್ಬಿಡು" ಎಂದ. ಮಗಳು "ಅಮ್ಮಾ, ಹಾಕಬೇಡ" ಎಂದು ಒಳಗೆ ಕರೆದು ಹೇಳಿದಳು. ಅವಳು ಹೇಳಿದ್ದು ಸರಿ. ನಾನು ಹಾಕಿದೆ. ಯಾಕೆ ಎಂದು ಅವಳು ಇವತ್ತಿಗೂ ಕೇಳುತ್ತಾಳೆ. ಅವ್ವ ಇನ್ನೂ ಬದುಕಿದ್ದಳು, ಅಣ್ಣನ ಮನೆಯಲ್ಲಿದ್ದಳು. ಸಹಿ ಹಾಕದಿದ್ದರೆ ಹಬ್ಬಕ್ಕೆ ಹೋಗಿ ನಿಲ್ಲುವ ಬಾಗಿಲು ಮುಚ್ಚಿಹೋದೀತೆಂದು ನನಗೆ ಹೆದರಿಕೆಯಾಯಿತು. ಇದನ್ನು ದೊಡ್ಡಗುಣ ಎಂದು ಹೇಳಿಕೊಳ್ಳಲು ನಾನು ತಯಾರಿಲ್ಲ.

ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಸಬ್‌ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲಿಳಿಯುವಾಗ ಅಣ್ಣನಿಗೆ ಹೇಳಿದೆ. "ಚಪ್ಪರದ ಆರು ಕಲ್ಲು ಬೇಕು. ಬಳ್ಳಿ ಕಡಿಯೋಕೆ ಮುಂಚೆ ನಾಲ್ಕು ಕಡ್ಡಿ ಬೇಕು." ಅವನು ನನ್ನ ಮುಖವನ್ನೇ ನೋಡಿದ. "ಅಷ್ಟೇನಾ?" ಎಂದ. ಆ ಮಾತು ಅವನು ಸಮಾಧಾನದಿಂದ ಹೇಳಿದನೋ ನಾಚಿಕೆಯಿಂದ ಹೇಳಿದನೋ ನನಗೆ ತಿಳಿಯಲಿಲ್ಲ.

ಕಲ್ಲು ಒಂದೊಂದೂ 140 ಕಿಲೋ ಹತ್ತಿರ. ನಾಲ್ಕು ಆಳು ಹೊತ್ತು ಇಳಿಸಿದರು. ಹಳೆಯ ಅನುಭವ ಒಂದಿತ್ತು ನನಗೆ. 1984ರಲ್ಲಿ ಬಾಡಿಗೆ ಮನೆಯಲ್ಲಿದ್ದಾಗ ಅಡಕೆ ದಬ್ಬೆಯ ಚಪ್ಪರ ಹಾಕಿ ಸೀಮೆಬದನೆ ಹಬ್ಬಿಸಿದ್ದೆ. ಅದು ಮೆಕ್ಸಿಕೋ ಕಡೆಯ ಬಳ್ಳಿ. ಬೆಂಗಳೂರಿಗೆ ತಂದು ಬೆಳೆಸಿದ್ದು 1874ರಿಂದ 1908ರವರೆಗೆ ಲಾಲ್‌ಬಾಗನ್ನು ನೋಡಿಕೊಂಡ ಜಾನ್ ಕ್ಯಾಮೆರಾನ್. ಸೀಮೆಯಿಂದ ಬಂದದ್ದಕ್ಕೆ ಸೀಮೆಬದನೆ. ಒಂದು ಕಾಯಿ ಮೊಳೆತರೆ ಇಡೀ ಹಿತ್ತಿಲು ಮುಚ್ಚುತ್ತದೆ. ಮಳೆಗಾಲದ ಒಂದು ರಾತ್ರಿ, ನೆನೆದ ಬಳ್ಳಿಯ ಭಾರಕ್ಕೆ ದಬ್ಬೆ ಲಟಕ್ಕೆಂದು ಮುರಿದು, ಮನೆ ಮಾಲೀಕರ ನೀರಿನ ಹಂಡೆಯ ಮೇಲೆಯೇ ಕುಸಿಯಿತು. ಹಂಡೆಯ ನೆಗ್ಗಿಗೆ ಎರಡು ತಿಂಗಳ ಕಾಯಿ ಕೊಟ್ಟು ತೀರಿಸಿದೆ. ಬಳ್ಳಿಗಿಂತ ಚಪ್ಪರ ಮೊದಲು, ಬಳ್ಳಿಯ ತೂಕ ನೋಡಿ ಚಪ್ಪರ ಎಂದು ಅಂದೇ ಕಲಿತೆ.

ಹಾಗಾಗಿ ಈ ಸಲ ಅವಸರ ಮಾಡಲಿಲ್ಲ. ಎಂಟೆಂಟು ಅಡಿ ಅಂತರಕ್ಕೆ ಮೂರು ಮೂರರ ಎರಡು ಸಾಲು, ಸಾಲುಗಳ ನಡುವೆ ಹತ್ತಡಿ. ಎರಡಡಿ ಗುಂಡಿ, ಒಳಗೆ ಕಲ್ಲುಚೂರು ಗಿಡಿದು ಗಾರೆ. ನೆಲದ ಮೇಲೆ ಏಳಡಿ ಉಳಿಯಿತು. ಮೇಸ್ತ್ರಿಗೆ ಮೂಲೆಯ ನಾಲ್ಕು ಕಂಬವನ್ನು ಸ್ವಲ್ಪ ಹೊರಕ್ಕೆ ವಾಲಿಸಿ ನೆಡು ಎಂದೆ. "ಅಮ್ಮಾ, ಗುಂಡು ಬಿಟ್ಟು ನೋಡಿದೀನಿ, ಕಂಬ ಅಂದ್ರೆ ನೇರ ಇರ್ಬೇಕು" ಎಂದ. ಅವನ ಲೆಕ್ಕ ಮನೆಯ ಗೋಡೆಯದು. ನಾನು ಸುಮ್ಮನಾದೆ. ತಂತಿಯ ಅಂಗಡಿಯಲ್ಲೂ ಒಂದು ಪಾಠವಾಯಿತು. ಸುತ್ತಲಿಗೆ ದಪ್ಪ ತಂತಿ ಬೇಕೆಂದು 12 ಗೇಜು, ಒಳಗಿನ ಬಲೆಗೆ ತೆಳ್ಳಗಿರಲೆಂದು 8 ಗೇಜು ಕೇಳಿದೆ. ಗೇಜಿನ ಸಂಖ್ಯೆ ಏರಿದಷ್ಟೂ ತಂತಿ ಸಣ್ಣ ಎಂದು ಅಂಗಡಿಯ ಹುಡುಗ ನಗದೆ ಹೇಳಿಕೊಟ್ಟ, ಅದು ಅವನ ಒಳ್ಳೆಯತನ. ಸುತ್ತಲಿಗೆ 8, ಒಳಗೆ ಒಂದೂವರೆ ಅಡಿಗೊಂದರಂತೆ 12 ಗೇಜಿನದು ಉದ್ದಕ್ಕೂ ಅಡ್ಡಕ್ಕೂ ಬಂತು.

ಕಡ್ಡಿಯ ಕೆಲಸ ನನ್ನದೇ. ಬಲಿತ ಕೊಂಬೆಯಿಂದ ಪೆನ್ಸಿಲಿನಷ್ಟು ದಪ್ಪದ, ನಾಲ್ಕು ಗಿಣ್ಣಿನ ತುಂಡುಗಳು. ಎರಡು ಗಿಣ್ಣು ಮಣ್ಣೊಳಗೆ, ಎರಡು ಮೇಲೆ. ನಾಲ್ಕರಲ್ಲಿ ಎರಡು ಒಣಗಿದವು, ಒಂದನ್ನು ಬೆಕ್ಕು ಕೆದರಿತು. ಉಳಿದ ಒಂದನ್ನು ನಡುವಿನ ಕಂಬದ ಬುಡಕ್ಕೆ ಇಳಿಸಿದೆ. ಒಂದೇ ಕಾಂಡ ಉಳಿಸಿಕೊಂಡು, ಪಕ್ಕದ ಚಿಗುರನ್ನೆಲ್ಲ ಚಿವುಟುತ್ತ ಮೇಲಕ್ಕೆ ಹತ್ತಿಸಬೇಕು. ತಂತಿಗೆ ಅರ್ಧ ಅಡಿ ಇರುವಾಗ ತುದಿಯನ್ನು ಚಿವುಟಿದರೆ ಎರಡು ಕವಲು ಒಡೆಯುತ್ತವೆ. ಅವನ್ನು ಎದುರುಬದುರಾಗಿ ತಂತಿಯ ಮೇಲೆ ಹರಿಸಬೇಕು. ಅಷ್ಟು ಆಸೆಯಿಂದ ಮೇಲೇರಿ ಬಂದ ತುದಿಯನ್ನು ಚಿವುಟುವಾಗ ಕೈ ನಡುಗುತ್ತದೆ, ಆದರೆ ಚಿವುಟದಿದ್ದರೆ ಬಳ್ಳಿ ಬರೀ ಉದ್ದವಾಗುತ್ತದೆ.

ಎರಡನೆಯ ವರ್ಷ ಚಪ್ಪರ ತುಂಬಿತು. ತುಂಬಿದ ಭಾರಕ್ಕೆ ಮೇಸ್ತ್ರಿಯ ನೇರ ಕಂಬಗಳು ಒಳಕ್ಕೆ ವಾಲಿ, ತಂತಿ ಜೋಲಿಯಂತೆ ಇಳಿಯಿತು. ನಮ್ಮೂರಿನ ತೋಟದಲ್ಲಿ ಕೆಲಸ ಮಾಡಿದ್ದ ಮುದುಕರೊಬ್ಬರನ್ನು ಕರೆಸಿದೆ. ಅವರು ಬಂದವರೇ ಕಂಬಗಳನ್ನು ಮುಟ್ಟಿ ನೋಡಿ, "ಇವು ಬಾವಿ ಪಕ್ಕದ ಸಾಲಿನವು" ಎಂದರು. ಹೇಗೆ ಗುರುತಾಯಿತೋ. ಮೂಲೆಗಳನ್ನು ಹೊರಕ್ಕೆ ವಾಲಿಸಿ, ಪ್ರತಿ ಮೂಲೆಯಾಚೆ ನೆಲದಲ್ಲಿ ಒಂದು ಕಲ್ಲು ಹೂತು, ಅದಕ್ಕೆ ತಂತಿ ಬಿಗಿದು ಜಗ್ಗಿ ನಿಲ್ಲಿಸಿದರು. ಆಮೇಲೆ ಅಲುಗಾಡಿಲ್ಲ.

ಮಳೆಗಾಲದಲ್ಲಿ ಎಲೆಗೆ ಬೂಜು ಬಂದರೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ. ನಮ್ಮ ಕಡೆ ಅಡಕೆಯ ಕೊಳೆರೋಗಕ್ಕೆ ಹೊಡೆಯುವುದೂ ಅದನ್ನೇ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಕೋಲ್ಮನ್ ಅದನ್ನು ಅಡಕೆಗೆ ಹೊಂದಿಸಿಕೊಟ್ಟರು. ಅದರ ಹುಟ್ಟು ಮಾತ್ರ ದ್ರಾಕ್ಷಿ ತೋಟದಲ್ಲಿ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಯಂಚಿನ ಬಳ್ಳಿಗಳಿಗೆ ಈ ನೀಲಿ ಬಣ್ಣ ಎರಚುತ್ತಿದ್ದರು. ಎರಚಿದ ಸಾಲಿಗೆ ಮಾತ್ರ ರೋಗ ಬಾರದ್ದನ್ನು ಗಮನಿಸಿದ ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞ 1885ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದರು. ಕಳ್ಳರ ಉಪಕಾರ! ನಮ್ಮ ಓಣಿಯ ಹುಡುಗರಿಗೆ ನಾನು ಬಣ್ಣ ಎರಚುವುದಿಲ್ಲ. ಕೇಳಿದರೆ ಕೊಡುತ್ತೇನೆ, ಕೇಳದೆಯೂ ಕಿತ್ತುಕೊಳ್ಳುತ್ತಾರೆ.

ಮೂರನೆಯ ವರ್ಷ ಹನ್ನೊಂದು ಗೊಂಚಲು ಬಿಟ್ಟಿತು. ಮೊದಲನೆಯದನ್ನು ಅವ್ವನಿಗೆ ತಗೊಂಡು ಹೋದೆ. ಹಲ್ಲಿಲ್ಲದ ಬಾಯಿಯಲ್ಲಿ ಒಂದು ಹಣ್ಣಿನ ತಿರುಳು ಜಾರಿಸಿಕೊಂಡು, "ನಮ್ಮದೇ" ಎಂದಳು.

ಬೆಂಗಳೂರು ಬ್ಲೂಗೆ ಈಗ ಸರ್ಕಾರದ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅದರ ಹೆಸರನ್ನು ಬೇರೆ ಊರಿನವರು ಬಳಸುವಂತಿಲ್ಲ. ಅಪ್ಪನ ತೋಟವಿದ್ದ ಜಾಗದಲ್ಲಿ ಬಡಾವಣೆಯಾಗಿದೆ, ಗೇಟಿಗೆ ಕಾವಲುಗಾರನಿದ್ದಾನೆ. ಒಮ್ಮೆ ಒಳಗೆ ಹೋಗಿ ನೋಡುತ್ತೇನೆಂದರೆ ಯಾರ ಮನೆಗೆ ಎಂದು ಕೇಳಿದ. ಹೇಳಲು ಹೆಸರಿರಲಿಲ್ಲ, ಹಿಂದಿರುಗಿದೆ.

ಅಣ್ಣ, ಅತ್ತಿಗೆ ಈಗ ಯಲಹಂಕದಲ್ಲಿ ಮೂರನೆಯ ಮಹಡಿಯ ಮನೆಯಲ್ಲಿದ್ದಾರೆ. ಕಳೆದ ದೀಪಾವಳಿಗೆ ಬಂದಿದ್ದಾಗ ಅತ್ತಿಗೆ ಊಟವಾದ ಮೇಲೆ ಒಬ್ಬರೇ ಹಿತ್ತಿಲಿಗೆ ಹೋದರು. ಬಹಳ ಹೊತ್ತಾದರೂ ಬರಲಿಲ್ಲವೆಂದು ಹೋಗಿ ನೋಡಿದೆ. ಚಪ್ಪರದ ಕೆಳಗೆ, ಬಾವಿ ಪಕ್ಕದ ಸಾಲಿನ ಕಲ್ಲಿಗೆ ಒರಗಿ ನಿಂತಿದ್ದರು. ಆ ತೋಟದಲ್ಲಿ ಅವರೂ ಇಪ್ಪತ್ತು ವರ್ಷ ಕೈ ಮೇಲೆತ್ತಿ ದುಡಿದವರು. ಮಾರಿದ ಪತ್ರದಲ್ಲಿ ಅವರ ಸಹಿಯನ್ನು ಯಾರೂ ಕೇಳಿರಲಿಲ್ಲ.

"ಒಂದು ಕಡ್ಡಿ ಕೊಡ್ತೀಯಾ?" ಎಂದರು.

"ಎಲ್ಲಿ ಹಬ್ಬಿಸ್ತೀರಿ ಅತ್ತಿಗೆ, ಮೂರನೇ ಮಹಡೀಲಿ?"

"ಬಾಲ್ಕನಿ ಗ್ರಿಲ್ಲಿದೆ. ಡ್ರಮ್ಮಲ್ಲಿ ಮಣ್ಣು ತುಂಬಿಸಿದೀನಿ ಆಗ್ಲೇ."

ಕತ್ತರಿ ತಂದು ನಾಲ್ಕು ಗಿಣ್ಣಿನ ನಾಲ್ಕು ತುಂಡು ಕತ್ತರಿಸಿದೆ. ಒದ್ದೆ ಗೋಣಿಬಟ್ಟೆಯಲ್ಲಿ ಸುತ್ತಿ ಕೊಡುವಾಗ ಅತ್ತಿಗೆ ಅದನ್ನು ಕೈಚೀಲಕ್ಕೆ ಹಾಕಿಕೊಳ್ಳಲಿಲ್ಲ. ಅಣ್ಣ ಕಾರಿನ ಹತ್ತಿರ ಹಾರ್ನ್ ಮಾಡುತ್ತಿದ್ದ. ಅವರು ಗಂಟನ್ನು ಸೆರಗಿನೊಳಗೆ ಇಟ್ಟುಕೊಂಡು ಹೊರಟರು.